ಕೊಕ್ಕೆ, ಕಡ್ಡಿ, ನಾಲ್ಕು ಬ್ಲೇಡು

1/8

ಹೋದ ವಾರ ಸ್ಟೋರಿಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಫೋಟೋ ಹಾಕಿದ್ದೆ. "ಇದೇನ್ ಮಚ್ಚಾ, ಪಾತಾಳಗರಡಿನಾ? ಬಾವಿಗೆ ಬಿಂದಿಗೆ ಬಿತ್ತಾ?" ಅಂತ ನಮ್ಮ ಕ್ಲಾಸಿನವರೇ ಕಿಚಾಯಿಸಿದ್ರು. ಇನ್ನೂ ಒಂದಷ್ಟು ಜನ ನಿಜವಾಗಿ ಕೇಳಿದ್ರಿ, ಏನದು, ಯಾವುದಕ್ಕೆ, ಎಲ್ಲಿ ಸಿಗುತ್ತೆ ಅಂತ. ಎಲ್ಲೂ ಸಿಗಲ್ಲ. ನಾನು, ನಮ್ಮ ತಾತ ಸೇರ್ಕೊಂಡು ಮಾಡಿದ್ದು. ಮನೇಲಿರೋ ಹಳೇ ಯೆಜ್ಡಿ 250ಯ ಸೈಲೆನ್ಸರ್ ನಟ್ ಬಿಚ್ಚೋ ಸ್ಪ್ಯಾನರ್ ಅದು. ಅದರ ಜೊತೆ ಇನ್ನೊಂದು ಕಡ್ಡಿ ಇದೆ, ಸೈಕಲ್ ಸ್ಪೋಕಿಂದ ಮಾಡಿದ್ದು. ಅದರ ಕತೆ ಕೊಕ್ಕೆಗಿಂತ ಚೆನ್ನಾಗಿದೆ. ಒಂದು ಕ್ಯಾಪ್ಶನ್‌ನಲ್ಲಿ ಹಿಡಿಯಲ್ಲ, ಅದಕ್ಕೇ ಎಂಟು ಪೋಸ್ಟ್. ಟೀ ಹಿಡ್ಕೊಂಡು ಕೂತ್ಕೊಳ್ಳಿ.

ಒಂದು ಮಾತು ಮೊದಲೇ ಹೇಳ್ತೀನಿ. ಇದು ಶೋಕಿಗೆ ಮಾಡಿದ ರಿಪೇರಿ ಅಲ್ಲ. ಇನ್‌ಸ್ಟಾದಲ್ಲಿ ಹಳೇ ಬೈಕ್ ಅಂದ್ರೆ ಕ್ರೋಮ್ ಪಾಲಿಶ್, ಸಂಜೆ ಬಿಸಿಲು, ಹಿನ್ನೆಲೆಯಲ್ಲಿ ಹಾಡು. ನಮ್ಮ ಯೆಜ್ಡಿ ಟ್ಯಾಂಕ್ ಮೇಲೆ ಎರಡು ತಗ್ಗು, ಸೀಟಿಗೆ ಗೋಣಿದಾರದ ಹೊಲಿಗೆ. ಆದರೆ ನಮ್ಮನೇಲಿ ಇರೋದು ಅದೊಂದೇ ಗಾಡಿ.

2/8

ಅಕ್ಕನಿಗೆ ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಕಂಪನಿ ಬಸ್ಸು ಬಂಗಾರಪೇಟೆವರೆಗೂ ಬರುತ್ತೆ, ಕೆಜಿಎಫ್‌ಗೆ ಬರಲ್ಲ. ಫಸ್ಟ್ ಶಿಫ್ಟ್ ಇದ್ದ ವಾರ ಬೆಳಗಿನ ಜಾವ 5 ಗಂಟೆಗೆಲ್ಲ ಅವಳು ಬಂಗಾರಪೇಟೆಯಲ್ಲಿ ನಿಂತಿರಬೇಕು. ರೈಲಿನ ಟೈಮಿಗೂ ಅವಳ ಶಿಫ್ಟಿಗೂ ಕೂಡಿ ಬರಲ್ಲ. ಹಾಗಾಗಿ ನಾಲ್ಕೂ ಕಾಲಿಗೆ ಸ್ವೆಟರ್ ಮೇಲೆ ದುಪಟ್ಟಾ ಬಿಗಿದು ಯೆಜ್ಡಿ ಕಿಕ್ ಮಾಡ್ತಾಳೆ, ಊರಿಗಾಂ ದಾಟಿ, ಬಿಇಎಂಎಲ್ ನಗರ ದಾಟಿ ಹೋಗ್ತಾಳೆ. ಹೌದು, ಅವಳೇ ಓಡಿಸೋದು. ಯೆಜ್ಡಿಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಅಂತ ಗೊತ್ತಿಲ್ಲದ ಹುಡುಗರು ಪೆಟ್ರೋಲ್ ಬಂಕಲ್ಲಿ ಬಾಯಿ ಬಿಟ್ಕೊಂಡು ನೋಡ್ತಾರೆ. ಅವಳಿಗೆ ಅದೊಂದು ಖುಷಿ.

ಜನವರಿಯಲ್ಲಿ ಗಾಡಿ ಮೂರು ಸಲ ದಾರಿಯಲ್ಲಿ ನಿಂತಿತು. ಮೂರು ಸಲವೂ ಒಂದೇ ರೀತಿ. ತಣ್ಣಗಿದ್ದಾಗ ಎರಡೇ ಕಿಕ್ಕಿಗೆ ಸ್ಟಾರ್ಟ್. ಎಂಟು ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಎಳೆತ ಕಮ್ಮಿ, ಆಮೇಲೆ ಕೆಮ್ಮು, ಆಮೇಲೆ ಬಂದ್. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಅರ್ಧ ಗಂಟೆಗೆ ಬಸ್ಸು ಎಲ್ಲಿ ಕಾಯುತ್ತೆ? ಮೂರನೇ ಸಲ ಆ ದಿನದ ಸಂಬಳದ ಜೊತೆ ಆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಯ್ತು. ಅದಕ್ಕಿಂತ ಹೆಚ್ಚಾಗಿ, ಆ ಹೊತ್ತಲ್ಲಿ, ಆ ಕತ್ತಲಲ್ಲಿ ಅವಳು ಒಬ್ಬಳೇ ರೋಡ್ ಪಕ್ಕ ನಿಂತಿದ್ದಳು. ಅಮ್ಮ ಅವತ್ತು ಇಡೀ ದಿನ ಮಾತಾಡಲಿಲ್ಲ.

ಮೆಕ್ಯಾನಿಕ್ ಹತ್ರ ತಳ್ಕೊಂಡು ಹೋದ್ವಿ. ಯಾರು ಅಂತ ಹೇಳಲ್ಲ, ಅವರ ತಪ್ಪೂ ಇಲ್ಲ, ಅವರ ಕೈಗೆ ಈಗ ಬರೋದೆಲ್ಲ ಸ್ಕೂಟರ್. "ಬೆಂಗಳೂರಿಗೆ ತಗೊಂಡೋಗಿ, ಇಂಜಿನ್ ಇಳಿಸ್ಬೇಕಾಗುತ್ತೆ, 12 ಸಾವಿರ ಇಟ್ಕೊಂಡಿರಿ" ಅಂದ್ರು. ಹಿಂದೆ ಯಾರೋ ಒಬ್ಬರು ಸೈಲೆನ್ಸರ್ ನಟ್ಟನ್ನ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿದ್ರು, ಅದರ ಕಚ್ಚುಗಳೆಲ್ಲ ಸವೆದು ಗುಂಡಗಾಗಿದ್ವು. (ಮೂರನೇ ಫೋಟೋ ಸ್ವೈಪ್ ಮಾಡಿ ನೋಡಿ, ಹೊಟ್ಟೆ ಉರಿಯುತ್ತೆ.) "ಇದನ್ನ ನಾನು ಮುಟ್ಟಿದ್ರೆ ಸಿಲಿಂಡರ್ ಬಾಯೇ ಒಡೆಯುತ್ತೆ" ಅಂದ್ರು. ಸಂಜೆ ಚಿಕ್ಕಪ್ಪ ಫೋನ್ ಮಾಡಿ, ಬೆಂಗಳೂರಿನ ಯಾರೋ ಹಳೇ ಗಾಡಿ ಕಲೆಕ್ಟ್ ಮಾಡೋರು ತಗೊಳ್ತಾರಂತೆ, ಫೆಬ್ರವರಿ ಕೊನೇಲಿ ಬರ್ತಾರಂತೆ, ಕೊಟ್ಬಿಡಿ, ಆ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೂಟಿ ತಗೊಳ್ಳಿ ಅಂದ್ರು. ಅಪ್ಪನಿಗೆ ಅದು ಸರಿ ಅನ್ನಿಸ್ತು. ನಿಜ ಹೇಳಬೇಕಂದ್ರೆ ನನಗೂ ಲೆಕ್ಕ ಸರಿಯಾಗೇ ಕಾಣ್ತು.

ತಾತ ಏನೂ ಹೇಳಲಿಲ್ಲ. ಹೊರಗೆ ಬಂದು ಗಾಡಿ ಪಕ್ಕ ಕೂತು, "ಸ್ಟಾರ್ಟ್ ಮಾಡು" ಅಂದ್ರು. ಕಿವಿ ಕೊಟ್ಟು ಎರಡು ನಿಮಿಷ ಕೇಳಿದ್ರು. "ಉಸಿರು ಕಟ್ತಾ ಇದೆ. ಬೆಂಕಿನೂ ಲೇಟು. ಇಂಜಿನ್ ಯಾಕೆ ಇಳಿಸ್ಬೇಕು?" ಅಂದ್ರು.

3/8

ತಾತನ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ.

ಹೊರಗಿನವರಿಗೆ ಕೆಜಿಎಫ್ ಅಂದ್ರೆ 2018ರ ಸಿನಿಮಾ. ನಮಗೆ ಅದು ಚಾಂಪಿಯನ್ ರೀಫ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದು ತೋಡೋಕೆ ಶುರು ಮಾಡಿದ ಗಣಿ, ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂದಿತ್ತು ಅಂತ ಸ್ಕೂಲಲ್ಲಿ ಓದಿರ್ತೀರ. ಆದರೆ ಆ ಕರೆಂಟಲ್ಲಿ ಓಡ್ತಿದ್ದ ಮೆಷಿನ್‌ಗಳನ್ನ ದಿನಾ ರಿಪೇರಿ ಮಾಡ್ತಿದ್ದವರ ಬಗ್ಗೆ ಓದಿರಲ್ಲ. ತಾತ ಅಂಥವರಲ್ಲಿ ಒಬ್ಬರು. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಂಡೆ ಕೊರೆಯೋ ಡ್ರಿಲ್ ರಾಡ್‌ಗಳಿಗೆ ಮೊನೆ ಹಿಡಿಸೋ ಕುಲುಮೆ ಹತ್ರ ಹಾಕಿದ್ರಂತೆ. ಕಬ್ಬಿಣ ಕಾಯಿಸೋದು, ಹದ ಕೊಡೋದು ಅಲ್ಲೇ ಕಲಿತಿದ್ದು. "ಕೆಳಗಡೆ ಮೆಷಿನ್ ನಿಂತ್ರೆ ಪಾರ್ಟ್ ಬರ್ಲಿ ಅಂತ ಕಾಯೋ ಹಾಗಿರ್ಲಿಲ್ಲ. ಬೇಕಾದ್ದು ನಾವೇ ಮಾಡ್ಕೊಳ್ತಿದ್ವಿ" ಅಂತಾರೆ. ಯೆಜ್ಡಿನ 1989ರಲ್ಲಿ ಜೊತೆ ಕೆಲಸದವರಿಂದ ತಗೊಂಡಿದ್ದು. ಇದರ ಫ್ಯಾಕ್ಟರಿ ನಮ್ಮ ಮೈಸೂರಲ್ಲೇ ಇತ್ತು, ಐಡಿಯಲ್ ಜಾವಾ. 1961ರಿಂದ ಜಾವಾ, 1973ರಿಂದ ಯೆಜ್ಡಿ ಅನ್ನೋ ಹೆಸರಲ್ಲಿ ಬೈಕ್ ಮಾಡಿ 1996ಕ್ಕೆ ಬಾಗಿಲು ಹಾಕಿತು. ಈಗ ಶೋರೂಮಲ್ಲಿ ಬರ್ತಿರೋ ಯೆಜ್ಡಿ ಹೆಸರು ಮಾತ್ರ ಅದೇ, ಗಾಡಿ ಬೇರೆ. ಅಂದ್ರೆ ತಾತನ ಫ್ಯಾಕ್ಟರಿನೂ ಮುಚ್ಚಿದೆ, ಅವರ ಗಾಡಿಯ ಫ್ಯಾಕ್ಟರಿನೂ ಮುಚ್ಚಿದೆ.

ಈಗ ತಾತನಿಗೆ 78. ಗ್ಲಾಕೋಮಾದಿಂದ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಲ್ಲಿ ನೆರಳು ಬೆಳಕು ಮಾತ್ರ. ಡಾಕ್ಟರು ಹೇಳಿದ ಪ್ರಕಾರ ಹೋದ ದೃಷ್ಟಿ ವಾಪಸ್ ಬರಲ್ಲ. ಹಾಗಾಗಿ ಈ ಸಲ ಅವರು ಮಾಡಿ ತೋರಿಸೋಕಾಗಲ್ಲ. ಬಾಯಲ್ಲಿ ಹೇಳಬೇಕು. ಐವತ್ತು ವರ್ಷ ಕೈಯಲ್ಲಿದ್ದದ್ದನ್ನ ಬಾಯಿಗೆ ತರೋದು ಅವರಿಗೆ ಸುಲಭ ಇರ್ಲಿಲ್ಲ. ಎಷ್ಟೋ ಸಲ "ಅದು... ಹಾಗೆ... ಕೊಡು ಇಲ್ಲಿ" ಅಂತ ಕೈ ಚಾಚೋರು, ಮತ್ತೆ ಕೈ ಹಿಂದಕ್ಕೆ ತಗೊಳ್ಳೋರು.

4/8

ಸರಿ, ಕೊಕ್ಕೆ.

ಯೆಜ್ಡಿಗೆ ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಪೈಪನ್ನ ಸಿಲಿಂಡರಿಗೆ ಹಿಡಿಯೋದು ಒಂದು ದುಂಡನೆ ರಿಂಗ್ ನಟ್. ಮಾಮೂಲಿ ಸ್ಪ್ಯಾನರ್ ಕೂರೋಕೆ ಆರು ಮೂಲೆ ಇಲ್ಲ, ಸುತ್ತ ಕಚ್ಚು ಇರುತ್ತೆ. ಆ ಕಚ್ಚಿಗೆ ಸಿಕ್ಕಿ, ನಟ್ಟಿನ ಬೆನ್ನಿಗೆ ಅಂಟಿಕೊಂಡು ತಿರುಗಿಸೋ ಕೊಕ್ಕೆ ಬೇಕು. ಉಳಿ ಇಟ್ಟು ಹೊಡೆದ್ರೆ ಏಟೆಲ್ಲ ಒಂದೇ ಕಚ್ಚಿನ ಮೇಲೆ ಬೀಳುತ್ತೆ, ಅದು ಮಡಚಿಕೊಳ್ಳುತ್ತೆ. ಕೊಕ್ಕೆ ಬೆನ್ನಿಗೆ ಅಪ್ಪಿ ಕೂತ್ರೆ ಜಾರೋಕೆ ಜಾಗ ಇರಲ್ಲ.

ತಾತ ಮೊದಲು ಕಬ್ಬಿಣ ಮುಟ್ಟೋಕೇ ಬಿಡಲಿಲ್ಲ. "ಲಗ್ನಪತ್ರಿಕೆ ತಗೊಂಬಾ" ಅಂದ್ರು. ನಮ್ಮೂರಲ್ಲಿ ಯಾರ ಮನೆಯಲ್ಲೂ ಕೊರತೆ ಇಲ್ಲದ ಗಟ್ಟಿ ರಟ್ಟು ಅಂದ್ರೆ ಅದೇ. ಅದನ್ನ ನಟ್ಟಿನ ಮೇಲೆ ಒತ್ತಿ, ಪೆನ್ಸಿಲ್ಲಲ್ಲಿ ಸುತ್ತಳತೆ ತೆಗೆದು, ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ. ನಾಲ್ಕು ಜೋಡಿಯ ಮದುವೆ ಹರಿದ ಮೇಲೆ ಅಳತೆ ಸರಿ ಬಂತು. ತಾತ ರಟ್ಟನ್ನ ನಟ್ಟಿನ ಮೇಲೆ ಇಟ್ಟು ಬೆರಳಾಡಿಸಿ ನೋಡಿ, "ಇಲ್ಲಿ ಗಾಳಿ ಐತೆ" ಅಂತ ಒಂದು ಕಡೆ ತೋರಿಸಿದ್ರು. ನನ್ನ ಕಣ್ಣಿಗೆ ಕಾಣದೇ ಇದ್ದ ಸಂದು ಅವರ ಉಗುರಿಗೆ ಸಿಕ್ಕಿತ್ತು.

ಕಬ್ಬಿಣಕ್ಕೆ ಗುಜರಿಗೆ ಹೋದ್ವಿ. ನಾನು ಮಾಮೂಲಿ ಕಬ್ಬಿಣದ ಪಟ್ಟಿ ಹಿಡಿದೆ. ತಾತ ಅದನ್ನ ಬೆರಳ ತುದಿಯಲ್ಲಿ ನೇತು ಹಾಕಿ ಬೋಲ್ಟಿಂದ ತಟ್ಟಿದ್ರು. "ಮೆತ್ತಗೈತೆ, ಮೊನೆ ಮಡಚ್ಕೊಂಡುಬಿಡುತ್ತೆ." ಕೊನೆಗೆ ಹಳೇ ಜೀಪಿನ ಸ್ಪ್ರಿಂಗ್ ಪ್ಲೇಟಿನ ತುಂಡು ಸಿಕ್ತು, ತಟ್ಟಿದ್ರೆ ಗಂಟೆ ಥರ ಸದ್ದು. ಇಷ್ಟು ದಪ್ಪದ್ದೇ ಬೇಕಿತ್ತು, ಕಚ್ಚಿಗೆ ಸರಿಯಾಗಿ ಕೂರುತ್ತೆ.

ಸ್ಪ್ರಿಂಗ್ ಉಕ್ಕಿನ ತೊಂದರೆ ಏನಂದ್ರೆ, ಹಾಗೇ ಹ್ಯಾಕ್ಸಾ ಹಾಕಿದ್ರೆ ಬ್ಲೇಡೇ ಬೋಳಾಗುತ್ತೆ. ಮೊದಲು ಅದರ ಗಟ್ಟಿತನ ಇಳಿಸಬೇಕು. ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ರಾತ್ರಿಯೆಲ್ಲ ನಿಧಾನಕ್ಕೆ ಆರೋಕೆ ಬಿಡಬೇಕು. ನಮ್ಮ ಕುಲುಮೆ ನೋಡಿ, ಐದನೇ ಫೋಟೋ. ತೂತಾದ ಬಾಂಡ್ಲಿ, ತೆಂಗಿನ ಚಿಪ್ಪಿನ ಇದ್ದಿಲು, ತಿದಿ ಬದಲು ಅಕ್ಕನ ಹೇರ್ ಡ್ರೈಯರ್. (ಹೊಸದು ಕೊಡಿಸ್ತೀನಿ ಅಕ್ಕಾ. ಇಲ್ಲಿ ಬರೆದಿದ್ದೀನಿ, ಸಾಕ್ಷಿಗೆ ಇಷ್ಟು ಜನ ಇದ್ದಾರೆ.)

ಬೂದಿ ಸಾಲಲಿಲ್ಲ ಅಂದಾಗ ಪಕ್ಕದ ಬೀದಿ ಹುಡುಗ ಸೈನೈಡ್ ದಿಬ್ಬದಿಂದ ಒಂದು ಚೀಲ ಪುಡಿ ತರ್ತೀನಿ ಅಂದ. ಅದನ್ನ ಯಾರೂ ಮಾಡ್ಬೇಡಿ. ಅದು ಮರಳಲ್ಲ, ಗಣಿಯಲ್ಲಿ ಅದಿರು ಅರೆದು ಸೈನೈಡಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಆ ನುಣುಪು ಧೂಳು ಎದೆಗೆ ಹೋಗಬಾರದು. ರೀಲ್ಸ್‌ಗೆ ಅಲ್ಲಿ ಹತ್ತಿ ಧೂಳೆಬ್ಬಿಸ್ತೀರಲ್ಲ, ಅದೂ ಬೇಡ.

5/8

ಬೆಳಗ್ಗೆ ತೆಗೆದಾಗ ಪ್ಲೇಟು ಮೆತ್ತಗಾಗಿತ್ತು. ಹ್ಯಾಕ್ಸಾದಲ್ಲಿ ಕೊಯ್ದು, ಅರದಲ್ಲಿ ಉಜ್ಜಿ ರಟ್ಟಿನ ಆಕಾರಕ್ಕೆ ತರೋಕೆ ಎರಡು ಸಂಜೆ ಹಿಡೀತು. ಅರ ಮುಂದಕ್ಕೆ ಹೋಗುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೀವಾಗ ಎತ್ತಬೇಕು. ಇದು ನಮಗೆ ವರ್ಕ್‌ಶಾಪ್ ಲ್ಯಾಬಲ್ಲೂ ಹೇಳಿಕೊಟ್ಟಿದ್ದಾರೆ, ಅಲ್ಲಿ ಯಾರು ಕೇಳಿಸ್ಕೊಂಡಿದ್ವಿ? ತಾತ ಮಂಚದ ಮೇಲೆ ಮಲಗಿಕೊಂಡೇ "ಹಿಂದಕ್ಕೆ ಎಳೀವಾಗ ಉಜ್ತಿದ್ದೀಯ" ಅನ್ನೋರು. ಸದ್ದಲ್ಲೇ ಗೊತ್ತಾಗೋದು.

ಆಮೇಲೆ ಮತ್ತೆ ಗಟ್ಟಿ ಮಾಡಬೇಕು. ಇಲ್ಲೇ ತಾತನ ಕಣ್ಣು ಬೇಕಾಗಿದ್ದು. ಎಷ್ಟು ಕೆಂಪಾದಾಗ ಎಣ್ಣೆಗೆ ಅದ್ದಬೇಕು ಅನ್ನೋದು ಕಣ್ಣಿನ ಲೆಕ್ಕ. ನನಗೆ ಎಲ್ಲ ಕೆಂಪೂ ಒಂದೇ ಥರ ಕಾಣ್ತಿತ್ತು. ಅದಕ್ಕೆ ಒಂದು ಉಪಾಯ ಇದೆ, ಫಿಸಿಕ್ಸಲ್ಲಿ ಓದಿದ್ದು. ಕಬ್ಬಿಣ ಸುಮಾರು 770 ಡಿಗ್ರಿ ದಾಟಿದ್ರೆ ಅಯಸ್ಕಾಂತ ಅದನ್ನ ಹಿಡಿಯಲ್ಲ. ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ಟನ್ನ ಕಂಬಿಗೆ ಕಟ್ಟಿ, ಕೊಕ್ಕೆ ಹತ್ರ ಆಗಾಗ ತರ್ತಾ ಹೋದೆ. ಹಿಡೀತಿದೆ, ಹಿಡೀತಿದೆ, ಒಂದು ಸಲ ಹಿಡಿಯಲಿಲ್ಲ. ಅದಾದ ಮೇಲೆ ಇನ್ನೊಂದು ಸ್ವಲ್ಪ ಕಾಯಿಸಿ ಹಳೇ ಇಂಜಿನ್ ಆಯಿಲಿಗೆ ಅದ್ದಿದೆ. ತಾತನಿಗೆ ಇದು ಹೊಸದು. "ನಮ್ಮ ಮೇಸ್ತ್ರಿಗೆ ತೋರಿಸ್ಬೇಕಾಗಿತ್ತು" ಅಂದ್ರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಅದ್ದಿದ ಮೇಲೆ ಅರ ಇಟ್ಟು ನೋಡಿದೆ. ಕಚ್ಚಲಿಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರ್ತು. ತಾತ ಆ ಸದ್ದು ಕೇಳಿ ತಲೆ ಆಡಿಸಿದ್ರು. ಆದರೆ ಈ ಸ್ಥಿತಿಯಲ್ಲಿ ಅದು ಗಾಜೇ, ಕಲ್ಲಿಗೆ ಬಿದ್ರೆ ಚೂರಾಗುತ್ತೆ. ಆ ಬಿರುಸು ಸ್ವಲ್ಪ ಇಳಿಸೋಕೆ ಮೈಯನ್ನ ಸ್ಯಾಂಡ್‌ಪೇಪರಲ್ಲಿ ಬೆಳ್ಳಗೆ ಉಜ್ಜಿ, ಹಿಡಿ ಕಡೆಯಿಂದ ನಿಧಾನಕ್ಕೆ ಕಾಯಿಸಬೇಕು. ಆಗ ಉಕ್ಕಿನ ಮೇಲೆ ಬಣ್ಣಗಳು ಓಡೋಕೆ ಶುರು ಆಗುತ್ತೆ. ಇದಕ್ಕೆ ಮ್ಯಾಗ್ನೆಟ್ ಉಪಾಯ ನಡೆಯಲ್ಲ, ಕಣ್ಣೇ ಬೇಕು.

"ಏನ್ ಬಂತು?"
"ಹಳದಿ ತಾತ. ಒಣ ಹುಲ್ಲಿನ ಥರ."
"ಅದು ಉಳಿಗೆ ಸರಿ. ಬಿಡು, ಇನ್ನೂ ಹೋಗ್ಲಿ. ಈಗ?"
"ಕಂದು. ಬೆಲ್ಲದ ಥರ."
"ಬಿಡು."
"ನೇರಳೆ ಹಣ್ಣು..."
"ಅದರ ಹಿಂದೆ ಏನ್ ಬರ್ತಾ ಐತೆ?"
"ನೀಲಿ. ನವಿಲಿನ ಕತ್ತಿನ ಥರ."
"ಮೊನೆಗೆ ನೀಲಿ ಮುಟ್ತಾ ಇದ್ದ ಹಾಗೇ ಅದ್ದು. ಈಗ. ಅದ್ದು!"

ಚುಯ್ ಅಂತು. ಹೊಗೆ ಎದ್ದಿತು. ತಾತ ಸ್ವಲ್ಪ ಹೊತ್ತು ಬಿಟ್ಟು, "ನವಿಲಿನ ಕತ್ತು... ಸರಿಯಾಗಿ ಹೇಳ್ದೆ" ಅಂದ್ರು. ಆ ನೀಲಿಯನ್ನ ಅವರು ಕೊನೇ ಸಲ ಯಾವಾಗ ನೋಡಿದ್ದರೋ. ನಾನು ಕೇಳಲಿಲ್ಲ.

6/8

ನಟ್ಟಿಗೆ ರಾತ್ರಿಯೇ ಸೀಮೆಎಣ್ಣೆ, ಸ್ವಲ್ಪ ಆಯಿಲ್ ಬೆರೆಸಿ ಬಿಟ್ಟಿದ್ವಿ. ಸವೆದು ಹೋಗಿದ್ದ ಕಚ್ಚುಗಳಲ್ಲಿ ಒಂದನ್ನ ಮೂಲೆ ಅರದಲ್ಲಿ ಚೌಕ ಮಾಡಿದೆ. ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ ಕೊಕ್ಕೆ ಇಟ್ಟು, ಮೈ ಭಾರ ಹಾಕದೆ, ಹಿಡಿಯ ತುದಿಗೆ ಅಂಗೈಯಲ್ಲಿ ತಟ್ಟಿದೆ. ಐದನೇ ಏಟಿಗೆ ಕಿರ್ ಅಂತ ಬಂತು. ಒಂದು ಕಚ್ಚೂ ಹೋಗಲಿಲ್ಲ.

ಪೈಪ್ ಕಳಚಿ ನೋಡಿದ್ರೆ, ತಾತ ಹೇಳಿದ್ದೇ. ಸಿಲಿಂಡರಿನ ಹೊಗೆ ಬಾಯಿ ಅರ್ಧ ಮುಚ್ಚಿಹೋಗಿತ್ತು. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಜೊತೆ ಆಯಿಲೂ ಉರಿಯುತ್ತೆ, ಅದರ ಮಸಿ ಬಾಯಲ್ಲಿ, ಸೈಲೆನ್ಸರ್ ಒಳಗೆ ಕಟ್ಕೊಳ್ಳುತ್ತೆ. ಹೊಗೆ ಹೊರಗೆ ಹೋಗದಿದ್ರೆ ಹೊಸ ಗಾಳಿ ಒಳಗೆ ಬರೋಕೆ ಜಾಗ ಎಲ್ಲಿ? ಇಂಜಿನ್ ಕಾಯುತ್ತೆ, ಎಳೆತ ಹೋಗುತ್ತೆ. ಪಿಸ್ಟನ್ನನ್ನ ಮೇಲಕ್ಕೆ ತಂದು ನಿಲ್ಲಿಸಿ (ಆಗ ಅದರ ಮೈಯೇ ಆ ಬಾಯಿಯನ್ನ ಒಳಗಿಂದ ಮುಚ್ಚುತ್ತೆ, ಮಸಿ ಒಳಗೆ ಬೀಳಲ್ಲ) ಬಿದಿರಿನ ಕಡ್ಡಿ ಚೂಪು ಮಾಡಿ ಕೆರೆದೆ. ಸ್ಕ್ರೂಡ್ರೈವರ್ ಹಾಕಬೇಡಿ, ಪಿಸ್ಟನ್ ಅಲ್ಯೂಮಿನಿಯಂ, ಗೀರು ಬೀಳುತ್ತೆ. ಹೋಳಿಗೆ ಹೂರಣದಷ್ಟು ದೊಡ್ಡ ಎರಡು ಉಂಡೆ ಮಸಿ ಬಂತು.

ಪೆಟ್ರೋಲಿಗೆ ಆಯಿಲ್ ಅಂದಾಜಲ್ಲಿ ಸುರಿಯೋದೂ ಇದಕ್ಕೆ ಕಾರಣ. ಈಗ ಕೆಮ್ಮಿನ ಸಿರಪ್‌ನ 10 ಎಂ.ಎಲ್. ಮುಚ್ಚಳ ಅಕ್ಕನ ಬ್ಯಾಗಲ್ಲಿದೆ. ಲೀಟರಿಗೆ ನಾಲ್ಕು ಮುಚ್ಚಳ.

7/8

ಈಗ ನನಗೆ ತುಂಬಾ ಇಷ್ಟ ಆದದ್ದು. ಕಡ್ಡಿ.

ತಾತ "ಬೆಂಕಿ ಲೇಟು" ಅಂದಿದ್ರಲ್ಲ, ಅದು ಟೈಮಿಂಗ್. ಪಿಸ್ಟನ್ ತುತ್ತತುದಿ ಮುಟ್ಟೋಕೆ ಸ್ವಲ್ಪ ಮುಂಚೆ ಪ್ಲಗ್ಗಲ್ಲಿ ಕಿಡಿ ಬೀಳಬೇಕು. ಎಷ್ಟು ಮುಂಚೆ ಅನ್ನೋದನ್ನ ಹಳೇ ಗಾಡಿಗಳಲ್ಲಿ ಮಿಲಿಮೀಟರಲ್ಲಿ ಹೇಳ್ತಾರೆ. ನಮ್ಮದಕ್ಕೆ 3 ಮಿಲಿಮೀಟರ್ ಇಟ್ವಿ, ನಿಮ್ಮ ಗಾಡಿಯದ್ದು ಅದರ ಮ್ಯಾನ್ಯುಯಲ್‌ನಲ್ಲಿ ನೋಡಿ. ಕಿಡಿ ಯಾವಾಗ ಬೀಳಬೇಕು ಅಂತ ಹೇಳೋದು ಕಾಂಟ್ಯಾಕ್ಟ್ ಪಾಯಿಂಟ್. ಅದು ತೆರೆದ ಕ್ಷಣ ಕಿಡಿ. ಪಾಯಿಂಟಿನ ಹಿಮ್ಮಡಿ ಕ್ಯಾಮ್‌ಗೆ ಉಜ್ಜಿ ಉಜ್ಜಿ ಸವೆಯುತ್ತೆ, ಸವೆದ ಹಾಗೆ ಪಾಯಿಂಟ್ ತಡವಾಗಿ ತೆರೆಯುತ್ತೆ, ಕಿಡಿ ಲೇಟಾಗುತ್ತೆ. ಲೇಟಾದ ಬೆಂಕಿ ಗಾಡಿ ಎಳೆಯೋ ಬದಲು ಇಂಜಿನ್ ಕಾಯಿಸುತ್ತೆ.

ಮೊದಲು ಪಾಯಿಂಟಿನ ಸಂದು. 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ ಇಲ್ಲ. ಶೇವಿಂಗ್ ಮಾಡೋ ಎರಡು ಅಂಚಿನ ಬ್ಲೇಡಿನ ದಪ್ಪ 0.1 ಮಿಲಿಮೀಟರ್. ನಾಲ್ಕು ಬ್ಲೇಡ್ ಜೋಡಿಸಿದ್ರೆ ಆಯ್ತಲ್ಲ! ಅಂಚನ್ನ ಸಾಣೆಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಎಣ್ಣೆ ಒರೆಸಿ ಬಳಸಿ, ಬೆರಳು ಉಳೀಬೇಕು. ಪಾಯಿಂಟ್ ಪೂರ್ತಿ ತೆರೆದಾಗ ನಾಲ್ಕು ಬ್ಲೇಡು ಸ್ವಲ್ಪ ಹಿಡಿದ ಹಾಗೆ ಜಾರಬೇಕು, ಐದು ಹೋಗಬಾರದು.

ಆಮೇಲೆ 3 ಮಿಲಿಮೀಟರ್ ಅಳೆಯೋದು. ಇದಕ್ಕೆ ಡಯಲ್ ಗೇಜ್ ಬೇಕು, ಬೆಲೆ ಬೇಡ ಬಿಡಿ. ತಾತ ಹಿಂದೆ ಕಡ್ಡಿ ಹಾಕಿ, ಅದರ ಮೇಲೆ ಅರದಲ್ಲಿ ಗೀರು ಎಳೆದು ನೋಡ್ತಿದ್ರಂತೆ. ಗೀರು ನೋಡೋಕೆ ಕಣ್ಣು ಬೇಕು. ಈ ಸಲ ತಾತ ತಾವೇ ಟೈಮಿಂಗ್ ಇಡ್ತೀನಿ ಅಂತ ಹಠ ಹಿಡಿದಿದ್ರು. ಹಾಗಾದ್ರೆ ಕಣ್ಣಿಲ್ಲದೆ, ಬೆರಳಲ್ಲಿ ಓದೋ ಗೇಜ್ ಬೇಕು. ಎರಡು ದಿನ ಇದೇ ಯೋಚನೆ. ಸೈಕಲ್ ಶಾಪಿನ ಮುಂದೆ ನಿಂತಿದ್ದಾಗ ಅವರು ಚಕ್ರದ ಡೊಂಕು ತೆಗೀತಿದ್ರು, ನಿಪ್ಪಲ್‌ನ ಒಂದೊಂದೇ ಸುತ್ತು ತಿರುಗಿಸ್ಕೊಂಡು. ಮನೆಗೆ ಬಂದು ಸ್ಪೋಕಿನ ನಿಪ್ಪಲನ್ನ ಹತ್ತು ಸುತ್ತು ತಿರುಗಿಸಿ ವರ್ನಿಯರ್‌ನಲ್ಲಿ ಅಳೆದೆ. ನಾಲ್ಕೂವರೆ ಮಿಲಿಮೀಟರ್! ಅಂದ್ರೆ ಒಂದು ಸುತ್ತಿಗೆ 0.45. ಆರು ಸುತ್ತು, ಮತ್ತೆ ಮುಕ್ಕಾಲಿಗೆ ಚೂರು ಕಮ್ಮಿ, ಅಲ್ಲಿಗೆ 3 ಮಿಲಿಮೀಟರ್. ಸೈಕಲ್ ಸ್ಪೋಕ್ ಅಂದ್ರೆ ಐದು ರೂಪಾಯಿಯ ಮೈಕ್ರೋಮೀಟರ್ ಕಣ್ರೋ.

ಹಳೇ ಸ್ಪಾರ್ಕ್ ಪ್ಲಗ್ ತಗೊಂಡು ಮಡಚಿದ ಅಂಚು ಹ್ಯಾಕ್ಸಾದಲ್ಲಿ ಕೊಯ್ದು ಒಳಗಿನ ಪಿಂಗಾಣಿ ತಟ್ಟಿ ತೆಗೆದೆ. ಕೆಳಗಿನ ಕೊಂಡಿಯನ್ನೂ ಕತ್ತರಿಸಿದೆ. ಖಾಲಿ ಹೊಟ್ಟೆಗೆ ಎಂ-ಸೀಲ್ ತುಂಬಿ, ನಡುವೆ ಗ್ರೀಸ್ ಸವರಿದ ಸ್ಪೋಕ್ ನೆಟ್ಟಗೆ ಇಳಿಸಿ ಒಣಗಿಸಿದೆ. ಗ್ರೀಸ್ ಇದ್ದದ್ದಕ್ಕೆ ಸ್ಪೋಕ್ ಅಂಟಲಿಲ್ಲ, ಸಲೀಸಾಗಿ ಮೇಲೆ ಕೆಳಗೆ ಜಾರುತ್ತೆ. ಬಾಗಿದ ತಲೆ ಕತ್ತರಿಸಿ, ಕೆಳತುದಿ ಅರದಲ್ಲಿ ಗುಂಡಗೆ ಮಾಡಿದೆ. ಥ್ರೆಡ್ ಇರೋ ಕಡೆ ಮೇಲೆ, ಅದಕ್ಕೆ ನಿಪ್ಪಲ್. ನಿಪ್ಪಲ್ ಇರೋದ್ರಿಂದ ಸ್ಪೋಕ್ ಒಳಗೆ ಬೀಳಲ್ಲ. ನಿಪ್ಪಲ್ ಮೇಲೆ ಅರದಲ್ಲಿ ಒಂದು ಕಚ್ಚು ಹಾಕಿದೆ, ಸುತ್ತು ಎಣಿಸೋಕೆ. ಬೆರಳಿಗೆ ತಗಲುತ್ತೆ.

ಬಳಸೋದು ಹೀಗೆ. ಪ್ಲಗ್ ಜಾಗಕ್ಕೆ ಇದನ್ನ ಹಾಕಿ, ಗಾಡಿ ಗೇರಲ್ಲಿಟ್ಟು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಸ್ಪೋಕ್ ಏರಿ ಏರಿ ನಿಲ್ಲೋದು ತುತ್ತತುದಿ. ಅಲ್ಲಿ ನಿಪ್ಪಲನ್ನ ಎಂ-ಸೀಲಿಗೆ ಮುಟ್ಟೋವರೆಗೂ ಇಳಿಸಿ. ಈಗ ಲೆಕ್ಕದ ಸುತ್ತುಗಳಷ್ಟು ಮೇಲಕ್ಕೆ ಬಿಚ್ಚಿ. ಚಕ್ರವನ್ನ ನಿಧಾನಕ್ಕೆ ಹಿಂದಕ್ಕೆ ತಿರುಗಿಸ್ತಾ ಸ್ಪೋಕನ್ನ ಮೆಲ್ಲಗೆ ಒತ್ತಿ ಹಿಡೀರಿ. ನಿಪ್ಪಲ್ ಮತ್ತೆ ತಳ ಮುಟ್ಟಿದ ಜಾಗವೇ 3 ಮಿಲಿಮೀಟರ್ ಮುಂಚೆ. ಅಲ್ಲಿ ಪಾಯಿಂಟ್ ಆಗತಾನೇ ತೆರೆಯೋ ಹಾಗೆ ಪ್ಲೇಟ್ ಸರಿಸಿ ಸ್ಕ್ರೂ ಬಿಗಿ ಮಾಡಿ. ತೆರೆಯಿತಾ ಅಂತ ನೋಡೋಕೆ ಪಾಯಿಂಟ್ ನಡುವೆ ತೆಳು ಕಾಗದದ ಚೂರು ಇಟ್ಟು ಮೆಲ್ಲಗೆ ಎಳೀತಾ ಇರಿ, ತೆರೆದ ಕ್ಷಣ ಜಾರಿ ಬರುತ್ತೆ. ತಾತ ಸಿಗರೇಟ್ ಪ್ಯಾಕಿನ ಕಾಗದ ಬಳಸ್ತಾರೆ, ಸೇದೋದು ಬಿಟ್ಟು ಇಪ್ಪತ್ತು ವರ್ಷ ಆಗಿದ್ರೂ. ಪ್ಲಗ್ ರಂಧ್ರ ತುಂಬಾ ಓರೆ ಇರೋ ಗಾಡಿಗಳಿಗೆ ಈ ಕಡ್ಡಿ ಬೇಡ, ಸ್ಪೋಕ್ ಪಿಸ್ಟನ್ ಮೇಲೆ ಜಾರಿ ಅಳತೆ ಸುಳ್ಳು ಹೇಳುತ್ತೆ.

ಚಕ್ರ ತಿರುಗಿಸಿದ್ದು ನಾನು. ಕಡ್ಡಿ, ಕಾಗದ, ಪ್ಲೇಟು ಎಲ್ಲ ತಾತನದ್ದು. ಮಧ್ಯಾಹ್ನ ಶುರು ಮಾಡಿದವರು ಅಮ್ಮ ಮೂರು ಸಲ ಊಟಕ್ಕೆ ಕರೆದ್ರೂ ಏಳಲಿಲ್ಲ. "ಆರು... ಅರ್ಧ... ನಿಲ್ಸು. ಹಿಂದಕ್ಕೆ. ಸಾಕು." ಅವರ ಬೆರಳು ನಡುಗ್ತಾ ಇತ್ತು, ಆದರೆ ನಿಪ್ಪಲ್ ಮೇಲೆ ಇಟ್ಟ ತಕ್ಷಣ ನಿಲ್ತಾ ಇತ್ತು. ಅದನ್ನ ವಿಡಿಯೋ ಮಾಡಿದ್ದೀನಿ, ಹಾಕಲ್ಲ. ಅದು ನಮ್ಮನೆಗೆ.

8/8

ಪಾಯಿಂಟಲ್ಲಿ ನೀಲಿ ಕಿಡಿ ಜಾಸ್ತಿ ಹಾರ್ತಿದ್ದದ್ದರಿಂದ ಕಂಡೆನ್ಸರ್ ಕೂಡ ಬದಲಾಯಿಸಿದ್ವಿ. ಅದು ಮನೇಲಿ ಮಾಡೋ ವಸ್ತು ಅಲ್ಲ, ಬಂಗಾರಪೇಟೆಯಲ್ಲಿ ಕೊಂಡದ್ದು, ಹಂಗೇ ಒಂದು ಪ್ಲೇಟ್ ಪಾನಿಪುರಿ. ಆ ತಿಳಿನೀರಿನ ಪಾನಿಪುರಿ ತಿನ್ನದೆ ವಾಪಸ್ ಬಂದ್ರೆ ಬಂಗಾರಪೇಟೆಗೆ ಹೋಗಿದ್ದೇ ಲೆಕ್ಕಕ್ಕಿಲ್ಲ. ಒಟ್ಟು ಖರ್ಚು 640 ರೂಪಾಯಿ, ಹೇರ್ ಡ್ರೈಯರ್ ಬಿಟ್ಟು.

ಡಿಎಂನಲ್ಲಿ ಕೆಲವರು ಬ್ರೇಕ್ ಲಿವರ್, ಆಕ್ಸಲ್ ಹೀಗೆ ಮಾಡ್ಕೋಬಹುದಾ ಅಂತ ಕೇಳಿದ್ದೀರ. ಬೇಡ. ಉಪಕರಣ ಮುರಿದ್ರೆ ಗೆಣ್ಣು ತರಚುತ್ತೆ, ಗಾಡಿಯ ಭಾಗ ಮುರಿದ್ರೆ ಜೀವ. ಸ್ಪೋಕಿಗೆ, ಜಿಂಕ್ ಲೇಪದ ಪೈಪಿಗೆ ಬೆಂಕಿ ಇಡಬೇಡಿ, ಆ ಬಿಳಿ ಹೊಗೆ ವಿಷ. ಇಂಜಿನ್ ತಿರುಗದ ಹಾಗೆ ಹಿಡಿಯೋಕೆ ಪ್ಲಗ್ ತೂತಲ್ಲಿ ಹಗ್ಗ ತುಂಬೋ ವಿಡಿಯೋಗಳು ಓಡಾಡ್ತಿವೆ. ಟೂ ಸ್ಟ್ರೋಕಲ್ಲಿ ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳಿರುತ್ತೆ, ಪಿಸ್ಟನ್ ಕೆಳಗಿದ್ದಾಗ ತುಂಬಿದ್ರೆ ಹಗ್ಗ ಕಿಂಡಿಗೆ ಸಿಕ್ಕಿ ಕೆಲಸ ಕೆಡುತ್ತೆ. ಸ್ಟ್ಯಾಂಡ್ ಸ್ಪ್ರಿಂಗ್ ಹಾಕೋಕೆ ಮಾತ್ರ ಒಂದು ಸುಲಭ ಉಪಾಯ ಕೊಡ್ತೀನಿ. ಸ್ಪ್ರಿಂಗನ್ನ ವೈಸಲ್ಲಿ ಹಿಡಿದು ಒಂದು ಕಡೆಗೆ ಬಗ್ಗಿಸಿ, ಸುರುಳಿಗಳ ಮಧ್ಯೆ ನಾಲ್ಕಾಣೆ ತೂರಿಸ್ತಾ ಹೋಗಿ, ಆಮೇಲೆ ಇನ್ನೊಂದು ಕಡೆ. ಸ್ಪ್ರಿಂಗ್ ಉದ್ದವಾಗೇ ನಿಲ್ಲುತ್ತೆ. ಕೊಕ್ಕೆಗೆ ಸಿಕ್ಕಿಸಿ, ಸ್ಟ್ಯಾಂಡ್ ಇಳಿಸಿದ್ರೆ ಕಾಸೆಲ್ಲ ಉದುರುತ್ತೆ. 2011ರ ಜೂನ್ 30ಕ್ಕೆ ನಾಲ್ಕಾಣೆ ಚಲಾವಣೆ ನಿಂತು ಹೋಯ್ತು, ಅಜ್ಜಿಯ ಡಬ್ಬಿಯಲ್ಲಿ ಇನ್ನೂ ಇವೆ, ಕೇಳಿ ತಗೊಳ್ಳಿ.

ಫೆಬ್ರವರಿ ಕೊನೇ ಭಾನುವಾರ ಬೆಂಗಳೂರಿನವರು ಬಂದಿದ್ರು. ಒಳ್ಳೇ ಜನ. ಗಾಡಿ ಸ್ಟಾರ್ಟ್ ಮಾಡಿ ಕೇಳಿ, ಹೇಳಿದ ರೇಟಿಗಿಂತ ಹತ್ತು ಸಾವಿರ ಜಾಸ್ತಿ ಕೊಡ್ತೀನಿ ಅಂದ್ರು. ಅಪ್ಪ ಅಕ್ಕನ ಮುಖ ನೋಡಿದ್ರು. ಅಕ್ಕ "ನಾಳೆ ಫಸ್ಟ್ ಶಿಫ್ಟ್ ಇದೆ" ಅಂತಷ್ಟೇ ಹೇಳಿ ಕಾಫಿ ತರೋಕೆ ಒಳಗೆ ಹೋದಳು. ಮುಂದೆ ಯಾವತ್ತಾದ್ರೂ ಮಾರಬೇಕಾಗಬಹುದು, ಸ್ಕೂಟಿ ಲೆಕ್ಕ ಈಗಲೂ ಸರಿಯೇ. ಸದ್ಯಕ್ಕೆ ಏಳು ವಾರ ಆಯ್ತು, ಗಾಡಿ ನಿಂತಿಲ್ಲ. ಐದು ವರ್ಷಕ್ಕೊಮ್ಮೆ ಮಾಡಿಸೋ ಆರ್‌ಸಿ ರಿನೀವಲ್ ಈ ವರ್ಷ ಇದೆ, ಅದಕ್ಕೆ ಇನ್ನೂ ಬ್ರೇಕ್ ಕೆಲಸ ಬಾಕಿ.

ಕೊಕ್ಕೆ ಬೇಕಾದವರು ಕೇಳಿ, ಕೊಡ್ತೀವಿ. ಬಂಗಾರಪೇಟೆಯಿಂದ ಈಗಾಗಲೇ ಇಬ್ಬರು ಜಾವಾದವರು ತಗೊಂಡೋಗಿ ವಾಪಸ್ ಕೊಟ್ಟಿದ್ದಾರೆ. ದುಡ್ಡು ಬೇಡ. ಆದರೆ ನಿಮ್ಮ ನಟ್ ಬಿಚ್ಚಿದಾಗ ಹೇಗೆ ಸದ್ದು ಬಂತು ಅಂತ ತಾತ ಕೇಳ್ತಾರೆ, ಸರಿಯಾಗಿ ಹೇಳಬೇಕು. ಕಡ್ಡಿ ಮಾತ್ರ ಕೊಡಲ್ಲ, ಅದು ಅವರ ಜೇಬಲ್ಲಿರುತ್ತೆ.